ಕಣ್ಣೆದುರಿನ ಸರಕು

ಸಂಜೆ ಏಳು ಗಂಟೆಗೆ ಅತ್ತೆ ಮಾವನ ತೋಳು ಹಿಡಿದು ಮೇಲಕ್ಕೆ ಹೋಗುವ ಲಿಫ್ಟ್ ಹತ್ತಿದರು. ನಮ್ಮ ಊಟದ ಮೇಜು ಇದ್ದದ್ದು ಕೆಳಗೆ.

"ಅಮ್ಮಾ, ಅದು ಮೇಲಕ್ಕೆ ಹೋಗೋದು," ಎಂದಳು ನನ್ನ ಹೆಂಡತಿ.

"ಗೊತ್ತು," ಎಂದರು ಅತ್ತೆ. ಬಾಗಿಲು ಮುಚ್ಚಿತು.

ಅದು ಪ್ರಯಾಣದ ಎರಡನೆಯ ಸಂಜೆ. ಹಡಗಿನಲ್ಲಿ ರಾತ್ರಿ ಊಟಕ್ಕೆ ಎರಡು ಜಾಗ. ಕೆಳ ಅಂತಸ್ತಿನಲ್ಲಿ ದೊಡ್ಡ ರೆಸ್ಟೋರೆಂಟು: ಇಸ್ತ್ರಿ ಮಾಡಿದ ಬಿಳಿ ಮೇಜುಬಟ್ಟೆ, ಒಂದು ಕುಟುಂಬಕ್ಕೆ ವಾರವಿಡೀ ಒಂದೇ ಮೇಜು, ಒಬ್ಬನೇ ವೇಟರ್, ಗೊತ್ತಾದ ಹೊತ್ತು. ಗಂಡಸರು ಕಾಲರ್ ಇಲ್ಲದ ಅಂಗಿಯಲ್ಲಿ ಬರುವಂತಿಲ್ಲ. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಬಫೆ: ಉದ್ದುದ್ದ ಕೌಂಟರುಗಳು, ಸುತ್ತಲೂ ಗಾಜು, ಯಾವಾಗ ಬೇಕಾದರೂ ಬರಬಹುದು, ಚಪ್ಪಲಿಯಲ್ಲೇ ಬರಬಹುದು. ತಟ್ಟೆ ಹಿಡಿದು ನಿಲ್ಲುವುದು ಮಾತ್ರ ತಪ್ಪುವುದಿಲ್ಲ. ಎರಡೂ ಟಿಕೆಟ್ಟಿನಲ್ಲೇ ಸೇರಿದ್ದವು. ನನ್ನ ಹೆಂಡತಿ ಆರಿಸಿದ್ದು ಕೆಳಗಿನದನ್ನು. ಅವಳ ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ ತುಂಬುವುದು ಪ್ರಯಾಣದ ಐದನೆಯ ದಿನ. ಅದಕ್ಕಾಗಿ ಸಮುದ್ರ ಕಾಣುವ ಮೇಜನ್ನೇ ಒಂದು ವರ್ಷ ಮುಂಚೆ ಕಾದಿರಿಸಿದ್ದಳು.

ಆ ಒಂದು ವರ್ಷದ ನಡುವೆ ಮಾವನಿಗೆ ಪಾರ್ಶ್ವವಾಯು ಆಯಿತು.

ಮಾವ ಹಣ್ಣಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಮಂಡಿಯಲ್ಲಿ ಅವರ ಹೆಸರು ಮೈಕಣ್ಣ. ಅವರಿಗೆ ಮೈಕು ಬೇಕಾಗುತ್ತಿರಲಿಲ್ಲ ಎಂಬುದಕ್ಕೆ ಆ ಹೆಸರು. ಬೆಳಗಿನ ಜಾವ ಅವರು ಕಲ್ಲಂಗಡಿಯ ರಾಶಿ ಹತ್ತಿ ನಿಂತರೆ ಬೀದಿಯ ಆಚೆ ತುದಿಯ ಚಹಾದಂಗಡಿಯಲ್ಲಿ ಕೂತವರೂ ಲೋಟ ಕೆಳಗಿಟ್ಟು ಎದ್ದು ಬರುತ್ತಿದ್ದರಂತೆ. ಒಂದು ಬೆಳಗ್ಗೆ ಕಿತ್ತಳೆಯ ರಾಶಿಯ ಮುಂದೆ "ಎರಡು ಸಾರಿ" ಎಂದವರು ಮೂರನೆಯದನ್ನು ಹೇಳಲಿಲ್ಲ. ಹಾಗೇ ಕೂತುಬಿಟ್ಟರು. ಹಮಾಲರು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದರು.

ಕೈಕಾಲು ಕೆಲವೇ ತಿಂಗಳಲ್ಲಿ ತಿರುಗಿ ಬಂದವು. ಮಾತು ಬರಲಿಲ್ಲ. ನಾವು ಹೇಳುವುದೆಲ್ಲ ಅವರಿಗೆ ತಿಳಿಯುತ್ತಿತ್ತು, ತಾವು ಹೇಳಬೇಕಾದದ್ದೂ ಗೊತ್ತಿರುತ್ತಿತ್ತು. ಅದರ ಹೆಸರು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಮೊದಲು ಬಂದ ಮಾತು "ಥೂ". ಆಮೇಲೆ ಹೌದು, ಬೇಡ, ನೀರು, ಬಾ, ಹೋಗು, ಹೀಗೆ ಒಂದೊಂದು ಪದ ಒಂಟೊಂಟಿಯಾಗಿ ಬಂತು. ಒಂದು ಪದದ ಪಕ್ಕಕ್ಕೆ ಇನ್ನೊಂದು ಪದ ಬಂದು ಕೂರಲಿಲ್ಲ. ಮಾತು ಕಲಿಸುವ ಟೀಚರ್ ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದೇ ಒಂದು ಎಚ್ಚರಿಕೆ ಹೇಳಿದ್ದರು. ಅವರ ಪರವಾಗಿ ನೀವು ಮಾತಾಡತೊಡಗಿದರೆ ಅವರು ಪ್ರಯತ್ನ ಬಿಟ್ಟುಬಿಡುತ್ತಾರೆ. ಬಿಟ್ಟರೆ, ಬರಬಹುದಾದ ಮಾತೂ ಬರುವುದಿಲ್ಲ.

ಪ್ರಯಾಣ ರದ್ದು ಮಾಡೋಣವೇ ಎಂದು ನಾನು ಕೇಳಿದ್ದೆ. "ಯಾಕೆ? ಸಮುದ್ರ ನೋಡೋಕೆ ಮಾತು ಬೇಕಾ?" ಎಂದಿದ್ದರು ಅತ್ತೆ.

ಮೊದಲ ಸಂಜೆ ನಾಲ್ವರೂ ಕೆಳಗೇ ಊಟ ಮಾಡಿದೆವು. ತಕರಾರು ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಊಟ ಬಿಸಿಯಾಗಿತ್ತು, ವೇಟರ್ ಒಳ್ಳೆಯ ಹುಡುಗ. ಅವನು ದಪ್ಪ ಕಾಗದದ ಮೆನು ಕಾರ್ಡನ್ನು ಮಾವನ ಕೈಗೇ ಮೊದಲು ಕೊಟ್ಟ, ಸ್ವಲ್ಪ ಬಗ್ಗಿ, "ತಮಗೇನು ತರಲಿ ಸಾರ್?" ಎಂದು ಕೇಳಿದ. ಮಾವ ಕಾರ್ಡು ನೋಡಿದರು. ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಪಕ್ಕದ ಮೇಜಿನಲ್ಲಿ ಯಾರೋ ನಕ್ಕರು, ಬೇರೆ ಯಾವುದೋ ಮಾತಿಗೆ.

"ಸೂಪು," ಎಂದಳು ನನ್ನ ಹೆಂಡತಿ. "ಆಮೇಲೆ ಕೋಳಿ. ಖಾರ ಬೇಡ."

ಅವಳನ್ನು ದೂರುವಂತಿಲ್ಲ. ಅವಳು ಆಪರೇಷನ್ ಥಿಯೇಟರಿನ ನರ್ಸ್. ಡಾಕ್ಟರು ಕೈ ಚಾಚುವ ಮೊದಲೇ ಬೇಕಾದ ಕತ್ತರಿಯನ್ನು ಅವರ ಅಂಗೈಗೆ ಇಡುವುದು ಅವಳ ಕೆಲಸ. ಹದಿನೈದು ವರ್ಷದಿಂದ ಅದನ್ನು ಚೆನ್ನಾಗಿ ಮಾಡಿಕೊಂಡು ಬಂದವಳು. ಬಾಯಿ ತೆರೆದು ನಿಂತ ಮನುಷ್ಯನ ಮುಂದೆ ಸುಮ್ಮನೆ ಕಾಯುವುದು ಅವಳ ಕೈಲಿ ಆಗುವ ಮಾತಲ್ಲ.

ವೇಟರ್ ಸಿಹಿಯ ಹೊತ್ತಿಗೆ ಮತ್ತೆ ಬಂದ. ಈ ಸಲ ಮಾವನ ಕಡೆ ತಿರುಗಲಿಲ್ಲ. "ಸಾರ್‌ಗೆ ಏನು ತರಲಿ ಮೇಡಂ?" ಎಂದು ಅವಳನ್ನೇ ಕೇಳಿದ.

ಮಾವ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮರುದಿನ ಬೆಳಗ್ಗೆ ಕಾಫಿ ಕೊಟ್ಟಾಗ "ಬೇಡ" ಎನ್ನಲಿಲ್ಲ, ಲೋಟವನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಇದ್ದ ಹತ್ತು ಹನ್ನೆರಡು ಪದಗಳಲ್ಲಿ ಒಂದನ್ನೂ ಮಧ್ಯಾಹ್ನದವರೆಗೆ ಆಡಲಿಲ್ಲ. ಆ ಸಂಜೆಯೇ ಅತ್ತೆ ಮೇಲಕ್ಕೆ ಹೋಗುವ ಲಿಫ್ಟ್ ಹತ್ತಿದ್ದು.

ಮೂರನೆಯ ಸಂಜೆಯೂ ಹಾಗೇ ಆಯಿತು. ಕೆಳಗೆ ನಾವಿಬ್ಬರು, ಎರಡು ಖಾಲಿ ಕುರ್ಚಿ, ಮಡಿಸಿಟ್ಟ ಎರಡು ಕರವಸ್ತ್ರ. ನನ್ನ ಹೆಂಡತಿ ಸೂಪನ್ನು ಕಲಕುತ್ತಾ ಕೂತಳು.

"ಅಮ್ಮನಿಗೆ ನಾಚಿಕೆ," ಎಂದಳು. "ಕೋಟು ಹಾಕ್ಕೊಂಡಿರೋ ಜನರ ಮಧ್ಯೆ ಅಪ್ಪನ್ನ ಕೂರಿಸೋಕೆ ನಾಚಿಕೆ."

"ನಿಮ್ಮಮ್ಮನಿಗಾ?"

"ಮತ್ತೇನಂತೀರ? ತಟ್ಟೆ ಹಿಡ್ಕೊಂಡು ಕ್ಯೂನಲ್ಲಿ ನಿಲ್ಲೋ ಕಡೆ ಕರ್ಕೊಂಡ್ ಹೋಗ್ತಾಳೆ. ಅಲ್ಲಿ ಯಾರೂ ಯಾರನ್ನೂ ನೋಡಲ್ಲ, ಅದಕ್ಕೆ."

ಮರುದಿನ ಬೆಳಗ್ಗೆ ಡೆಕ್ಕಿನ ಮೇಲೆ ಅವಳು ಅದನ್ನು ಅತ್ತೆಗೇ ನೇರವಾಗಿ ಕೇಳಿದಳು. ಅತ್ತೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕಿತ್ತಳೆ ಸುಲಿಯುತ್ತಿದ್ದರು. ಮಾವ ಸ್ವಲ್ಪ ದೂರದಲ್ಲಿ ಕಟಕಟೆ ಹಿಡಿದು ನೀರು ನೋಡುತ್ತಿದ್ದರು.

"ಮೇಲ್ಗಡೆ ಐನೂರು ಜನ ಇರ್ತಾರೆ ಕಣೇ," ಎಂದರು ಅತ್ತೆ. "ನಾಚಿಕೆ ಆಗೋ ಹಾಗಿದ್ರೆ ನಿನ್ನ ನಾಲ್ಕು ಜನರ ಮೇಜೇ ವಾಸಿ ಅಲ್ವಾ?"

"ಮತ್ತೆ ಯಾಕೆ?"

"ಕೆಳಗೆ ಸರಕು ಕಾಣಲ್ಲ."

"ಏನು ಸರಕು? ಏನಂತೀಯ ನೀನು?"

"ನಿಮ್ಮಪ್ಪನ್ನ ಕೇಳು."

"ಅಪ್ಪನ್ನ ಹೇಗೆ ಕೇಳ್ಲಿ?"

"ಬಾಯಲ್ಲಿ," ಎಂದರು ಅತ್ತೆ. "ಕೇಳಿ ಆಮೇಲೆ ಕಾಯ್ಬೇಕು. ಅದು ನಿಂಗೆ ಬರಲ್ಲ."

ನನ್ನ ಹೆಂಡತಿ ಕಣ್ಣು ಒರೆಸಿಕೊಂಡು ಎದ್ದು ಹೋದಳು. ಹೋಗುವಾಗ ನಾಳೆ ಸಂಜೆಯ ವಿಷಯ ಹೇಳಿಯೇ ಹೋದಳು. ನಾಳೆ ಮದುವೆಯ ದಿನ. ಕೆಳಗೆ ಊಟಕ್ಕೆ ಬರುವ ಗಂಡಸರೆಲ್ಲ ಕೋಟು ಹಾಕಬೇಕೆಂದು ಹಡಗಿನವರು ಹೇಳಿದ ಸಂಜೆಯೂ ಅದೇ. ಮೇಜಿಗೆ ಹೂವು ಹೇಳಿದ್ದಾಳೆ, ಕೇಕು ಹೇಳಿದ್ದಾಳೆ. ಅಪ್ಪ ಕೆಳಗೆ ಬರಲೇಬೇಕು.

"ಬರೋದು ಬಿಡೋದು ಅವರೇ ಹೇಳ್ಲಿ," ಎಂದರು ಅತ್ತೆ, ಕಿತ್ತಳೆಯ ಒಂದು ತೊಳೆ ನನ್ನ ಕಡೆ ಚಾಚುತ್ತಾ. "ತಗೊಳ್ಳಿ ಅಳಿಯಂದ್ರೇ. ನೀವೂ ಮುಖ ಊದಿಸ್ಕೋಬೇಡಿ."

ಆ ಸಂಜೆ ನಾನು ಸಿಹಿ ತಿನ್ನದೆ ಎದ್ದೆ. ಮೇಲೆ ಐಸ್‌ಕ್ರೀಂ ಚೆನ್ನಾಗಿದೆಯಂತೆ ಎಂದು ಹೇಳಿ ಬಫೆಗೆ ಹೋದೆ.

ಅತ್ತೆ ಮೂಲೆಯ ಮೇಜಿನಲ್ಲಿ ಕೂತಿದ್ದರು. ಅವರ ಮುಂದೆ ತಟ್ಟೆ ಇರಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮುಂದೆ ನೋಡುತ್ತಿದ್ದರು.

ಆ ಭಂಗಿ ನನಗೆ ಚೆನ್ನಾಗಿ ಗೊತ್ತು. ಅತ್ತೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದವರು. ಅವರ ಅಳಿಯನಾಗುವ ಮೊದಲು ನಾನು ಅವರ ಶಿಷ್ಯ. ಕಲಿಯುವವನ ಪಕ್ಕದ ಸೀಟಿನಲ್ಲಿ ಅವರು ಹೀಗೇ ಕೂರುತ್ತಿದ್ದರು, ಸ್ಟಿಯರಿಂಗಿಗೆ ಕೈ ಹಾಕುವ ಚಪಲವೇ ಬರಬಾರದೆಂದು. ಅವರ ಕಾಲಿನ ಬಳಿ ಇನ್ನೊಂದು ಬ್ರೇಕ್ ಇರುತ್ತಿತ್ತು. ಅದನ್ನು ಒತ್ತಲು ಅವರದೇ ಒಂದು ಕಾನೂನು: ಮುಂದೆ ಮನುಷ್ಯರಿದ್ದರೆ ಒತ್ತುತ್ತೇನೆ, ಗೋಡೆಯಿದ್ದರೆ ಒತ್ತುವುದಿಲ್ಲ. ನಾನು ಸ್ಕೂಲಿನ ಗೇಟಿನ ಕಂಬಕ್ಕೆ ಕಾರು ತಾಗಿಸಿದ ದಿನ ಅವರು ಕೈ ಹೊರಗೆ ತೆಗೆಯಲಿಲ್ಲ. "ಈಗ ಗೊತ್ತಾಯ್ತಾ ಬಾನೆಟ್ಟು ಎಷ್ಟು ಉದ್ದ ಅಂತ?" ಎಂದು ಕೇಳಿದ್ದರು, ಅಷ್ಟೆ.

ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಬಿಸಿ ಅಡುಗೆಯ ಕೌಂಟರಿನ ಮುಂದೆ ಮಾವ ತಟ್ಟೆ ಹಿಡಿದು ನಿಂತಿದ್ದರು. ಬಫೆಯಲ್ಲಿ ಬಹಳಷ್ಟನ್ನು ನಾವೇ ಬಡಿಸಿಕೊಳ್ಳಬಹುದು. ಈ ಕೌಂಟರಿನಲ್ಲಿ ಮಾತ್ರ ಎತ್ತರದ ಬಿಳಿ ಟೋಪಿಯ ಅಡುಗೆಯವನು ಕೇಳಿ ಬಡಿಸುತ್ತಾನೆ. ಮಾವ ಬೆರಳು ತೋರಿಸಿದರು. ಅಡುಗೆಯವನು ಸೌಟನ್ನು ಗಾಳಿಯಲ್ಲೇ ಹಿಡಿದು, "ಯಾವುದು ಸಾರ್?" ಎಂದ. ಮಾವ ಇನ್ನೊಮ್ಮೆ ತೋರಿಸಿದರು. ಅವನು ಮೇಲಿನ ದೀಪ ನೋಡಿದ.

"ಅವನಿಗೆ ಏನಾಗಿದೆ?" ಎಂದೆ.

"ನಾನೇ ಹೇಳಿದ್ದೀನಿ," ಎಂದರು ಅತ್ತೆ. "ಬೆರಳು ತೋರ್ಸಿದ್ರೆ ಬಡಿಸ್ಬೇಡ ಅಂತ. ಕಾಯ್ಸಿದ್ರೆ ಸೂಪರ್‌ವೈಸರ್ ಬಯ್ತಾರಮ್ಮಾ ಅಂದ. ಅವರನ್ನ ನನ್ನ ಹತ್ರ ಕಳ್ಸು ಅಂದೆ. ಬಂದಿದ್ರು. ಮಾತಾಡಿ ಕಳ್ಸಿದ್ದೀನಿ."

ಅತ್ತೆಯ ಕ್ರಮ ಸರಳವಾಗಿತ್ತು. ಅವರು ತಾವಾಗಿ ಏನನ್ನೂ ತಂದುಕೊಳ್ಳುವುದಿಲ್ಲ. ಮಾವ ಬಾಯಿಬಿಟ್ಟು ಕೇಳಿ ತಂದದ್ದನ್ನು ಮಾತ್ರ ತಿನ್ನುತ್ತಾರೆ, ಅದು ಏನೇ ಇರಲಿ. ಎರಡನೆಯ ಸಂಜೆ ಮಾವನಿಗೆ ಬಂದ ಪದ ಆಲೂಗಡ್ಡೆ. ಅತ್ತೆ ಇಡೀ ಸಂಜೆ ಆಲೂಗಡ್ಡೆ ತಿಂದರು. ಮೂರನೆಯ ಸಂಜೆ ಬ್ರೆಡ್ಡು, ಮತ್ತೆ ಆಲೂಗಡ್ಡೆ.

"ಕೆಳಗೇ ಇದನ್ನ ಮಾಡಬಹುದಿತ್ತಲ್ಲ ಅತ್ತೆ? ಅಲ್ಲೂ ಕೇಳ್ತಾರಲ್ಲ."

"ಅಲ್ಲಿ ಕೈಗೆ ಕಾರ್ಡು ಕೊಡ್ತಾರೆ. ಕಾರ್ಡಲ್ಲಿ ಬರೀ ಹೆಸರು. ಸರಕು ಅಡುಗೆಮನೆ ಒಳಗೆ. ನಿಮ್ಮ ಮಾವ ಜನ್ಮದಲ್ಲಿ ನೋಡದ ಸರಕು ಕೂಗಿದವರಲ್ಲ ಅಳಿಯಂದ್ರೇ. ಗಾಡಿ ಇಳಿಸ್ಬೇಕು, ರಾಶಿ ಹಾಕ್ಬೇಕು, ಒಂದು ಹಣ್ಣು ಕೈಯಲ್ಲಿ ಹಿಡೀಬೇಕು, ಆಮೇಲೆ ಬಾಯಿ. ಮಂಡೀಲಿ ಅದೇ ಪದ್ಧತಿ. ಇಲ್ಲಿ ನೋಡಿ, ಎಲ್ಲಾ ರಾಶಿ ಹಾಕಿದ್ದಾರೆ."

ನಾನು ಸುತ್ತ ನೋಡಿದೆ. ಕಲ್ಲಂಗಡಿಯ ಹೋಳುಗಳ ರಾಶಿ, ಬ್ರೆಡ್ಡಿನ ರಾಶಿ, ಹಬೆಯಾಡುವ ಅನ್ನದ ರಾಶಿ. ಕೂಗುವವನ ಕಣ್ಣಿಗೆ ಅದು ಮಂಡಿಯೇ. ಎರಡು ದಿನದಿಂದ ಅದನ್ನು ಸೋಮಾರಿಗಳ ಊಟದ ಜಾಗ ಎಂದುಕೊಂಡಿದ್ದವನು ನಾನು.

"ಅನ್ನ," ಎಂಬ ಸದ್ದು ಕೌಂಟರಿನ ಕಡೆಯಿಂದ ಬಂತು. ಅಡುಗೆಯವನು ತಕ್ಷಣ ಸೌಟು ಇಳಿಸಿದ. ಮಾವ ತಟ್ಟೆ ತಂದು ಅತ್ತೆಯ ಮುಂದಿಟ್ಟರು. ಅತ್ತೆ ಬರೀ ಅನ್ನವನ್ನು ಒಂದಗುಳೂ ಬಿಡದೆ ತಿಂದರು.

"ಇದನ್ನ ನಿಮ್ಮ ಮಗಳಿಗೆ ಹೇಳ್ತೀನಿ," ಎಂದೆ.

"ಹೇಳ್ಬೇಡಿ. ನೋಡ್ಲಿ. ಹೇಳಿದ್ರೆ ಸಹಾಯಕ್ಕೆ ಬಂದ್ಬಿಡ್ತಾಳೆ."

ಐದನೆಯ ಸಂಜೆ ನಾಲ್ವರೂ ಲಿಫ್ಟಿನ ಮುಂದೆ ಸೇರಿದೆವು. ಮಾವ ಕಪ್ಪು ಕೋಟು ಹಾಕಿಕೊಂಡಿದ್ದರು. ಕ್ಷೌರ ತಾವೇ ಮಾಡಿಕೊಂಡಿದ್ದರು, ಕಿವಿಯ ಬಳಿ ಸ್ವಲ್ಪ ಉಳಿದಿತ್ತು. ನನ್ನ ಹೆಂಡತಿ ಮುಂದೆ ಹೋಗಿ ಅವರ ಕಾಲರ್ ಸರಿಮಾಡಿದಳು. ಆಮೇಲೆ ಅಮ್ಮನ ಕಡೆ ಒಮ್ಮೆ ನೋಡಿ, ಪಂದ್ಯ ಕಟ್ಟಿದವಳಂತೆ, "ಅಪ್ಪಾ, ನೀವೇ ಹೇಳಿ. ಕೆಳಗಾ, ಮೇಲಾ?" ಎಂದು ಕೇಳಿದಳು.

ಮಾವ ಅವಳನ್ನು ನೋಡಿದರು. ಅವಳ ಗಲ್ಲ ಮುಟ್ಟಿದರು. ಮೇಲಿನ ಗುಂಡಿ ಒತ್ತಿದರು.

"ಬೆರಳು," ಎಂದರು ಅತ್ತೆ.

ಮಾವ ನಿಟ್ಟುಸಿರು ಬಿಟ್ಟರು. ಲಿಫ್ಟ್ ಬಂದು ನಿಂತಿತು, ಬಾಗಿಲು ತೆರೆಯಿತು. ಅತ್ತೆ ಕದಲಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ನನ್ನ ಹೆಂಡತಿಯ ತುಟಿ ಆಡಿತು, ನಾನು ಅವಳ ಕೈ ಹಿಡಿದುಕೊಂಡೆ.

"ಮೇಲೆ," ಎಂದರು ಮಾವ.

ಅವಳು ಒಂದು ಕ್ಷಣ ಅಲ್ಲೇ ನಿಂತಳು. ಮುಂದಿನ ಲಿಫ್ಟ್ ಬಂದಾಗ ನಮ್ಮ ಜೊತೆಗೇ ಹತ್ತಿದಳು.

ಬಫೆಯಲ್ಲಿ ಅಂದು ನನ್ನನ್ನು ಬಿಟ್ಟರೆ ಕೋಟು ಹಾಕಿಕೊಂಡಿದ್ದವರು ಮಾವ ಒಬ್ಬರೇ. ಅತ್ತೆ ಅದೇ ಮೂಲೆಯ ಮೇಜಿಗೆ ಹೋಗಿ ಕೂತು ಕೈಗಳನ್ನು ತೊಡೆಯ ಕೆಳಗೆ ಸೇರಿಸಿದರು. ಮಾವ ತಟ್ಟೆ ಎತ್ತಿಕೊಂಡು ಬಿಸಿ ಕೌಂಟರಿಗೆ ಹೋದರು. ನನ್ನ ಹೆಂಡತಿ ಅವರ ಹಿಂದೆಯೇ ಹೊರಟಳು.

"ಕೂತ್ಕೋ," ಎಂದರು ಅತ್ತೆ.

"ಅಪ್ಪ ಒಬ್ಬರೇ..."

"ಕೂತ್ಕೊಂಡು ನನ್ನ ಕೈ ಎಲ್ಲಿದೆ ನೋಡು."

ಅವಳು ನೋಡಿದಳು. ಡ್ರೈವಿಂಗ್ ಸ್ಕೂಲಿನ ಹಿಂದಿನ ಸೀಟಿನಲ್ಲಿ ಕೂತು ಹೋಂವರ್ಕ್ ಮಾಡಿ ಬೆಳೆದವಳು. ಆ ಕೈಗಳ ಅರ್ಥ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಕುರ್ಚಿ ಎಳೆದುಕೊಂಡು ಕೂತಳು.

ಕೌಂಟರಿನ ಮುಂದೆ ಕ್ಯೂ ಬೆಳೆಯಿತು. ಅಡುಗೆಯವನು ಸೌಟು ಹಿಡಿದು ಕಾಯುತ್ತಿದ್ದ. ಮಾವನ ಹಿಂದೆ ನಿಂತಿದ್ದ ಬೋಳುತಲೆಯ ಪ್ರಯಾಣಿಕರೊಬ್ಬರು ಮೊದಲು ಕೆಮ್ಮಿದರು, ಆಮೇಲೆ ತಟ್ಟೆಯನ್ನು ಉಗುರಿನಿಂದ ಬಡಿದರು, ಆಮೇಲೆ ಪಕ್ಕದವರಿಗೆ ಹೇಳುವಂತೆ ಎಲ್ಲರಿಗೂ ಕೇಳಿಸಿದರು.

"ಕೋಟಿದೆ, ಬಾಯಿಲ್ಲ. ಏನ್ ಸ್ವಾಮಿ, ಊಟಕ್ಕೆ ಬಂದಿದ್ದೀರೋ, ಫೋಟೋಗೆ ನಿಂತಿದ್ದೀರೋ?"

ನನ್ನ ಹೆಂಡತಿ ಎದ್ದುಬಿಟ್ಟಳು. ಅತ್ತೆಯ ಕೈ ಹೊರಗೆ ಬರಲಿಲ್ಲ. "ಇದು ಗೋಡೆ," ಎಂದರು. "ಕೂತ್ಕೋ."

ಮಾವ ಹಿಂದೆ ತಿರುಗಿ ಆ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಥೂ," ಎಂದರು. ಸಾಕಷ್ಟು ಸ್ಪಷ್ಟವಾಗಿತ್ತು. ಕ್ಯೂನಲ್ಲಿದ್ದ ಇಬ್ಬರು ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಬೋಳುತಲೆಯವರು ಮಾತು ನಿಲ್ಲಿಸಿದರು, ಆದರೆ ಕ್ಯೂ ಬಿಟ್ಟು ಪಕ್ಕಕ್ಕೆ ಬಂದು ಕೌಂಟರಿನ ಇನ್ನೊಂದು ಮಗ್ಗುಲಿನಿಂದ ತಟ್ಟೆ ಚಾಚಿದರು. "ಮೀನು ಹಾಕಪ್ಪಾ."

ಹುರಿದ ಮೀನಿನ ಟ್ರೇಯಲ್ಲಿ ಒಂದೇ ತುಂಡು ಉಳಿದಿತ್ತು. ಅದೇ ಹೊತ್ತಿಗೆ ಎದುರುಗಡೆಯಿಂದ ಅಗಲ ಹ್ಯಾಟಿನ ಹೆಂಗಸೊಬ್ಬರು ತಟ್ಟೆ ಚಾಚಿ, "ನಾನು ಆಗಲೇ ಕೇಳಿದ್ದೆ, ಅದು ನಂದು," ಎಂದರು. ಮುಂದಿನ ಟ್ರೇ ಬರಲು ಕಾಲು ಗಂಟೆ ಎಂದ ಅಡುಗೆಯವನು. ಬೋಳುತಲೆಯವರು ತಟ್ಟೆ ಇನ್ನಷ್ಟು ಮುಂದೆ ತಂದರು. ಹ್ಯಾಟಿನವರು ಅದಕ್ಕಿಂತ ಮೇಲೆ ಎತ್ತಿದರು. ಅಡುಗೆಯವನು ಯಾರಿಗೆ ಹಾಕುವುದೆಂದು ತಿಳಿಯದೆ ಮಧ್ಯದಲ್ಲಿ ನಿಂತ.

ಮಾವ ಇಬ್ಬರನ್ನೂ ನೋಡಿದರು. ನಡುವೆ ಸರಕು, ಸುತ್ತ ಜನ, ಮೇಲೆದ್ದ ಎರಡು ಕೈ. ಅವರ ಬೆನ್ನು ನೆಟ್ಟಗಾದದ್ದು ನಮ್ಮ ಮೇಜಿಗೂ ಕಾಣಿಸಿತು.

"ಒಂದು ಸಾರಿ!"

ಅಷ್ಟು ದೊಡ್ಡ ಹಾಲ್ ಒಮ್ಮೆಗೇ ಸುಮ್ಮನಾಯಿತು. ಚಮಚದ ಸದ್ದೂ ನಿಂತಿತು. ನಾನು ಆ ದನಿಯನ್ನು ಮಂಡಿಯಲ್ಲಿ ಎಂದೂ ಕೇಳಿದವನಲ್ಲ. ಚಹಾದಂಗಡಿಯವರು ಯಾಕೆ ಎದ್ದು ಬರುತ್ತಿದ್ದರೆಂದು ಆಗ ಗೊತ್ತಾಯಿತು. ಬೋಳುತಲೆಯವರ ತಟ್ಟೆ ತಾನಾಗಿ ಮೇಲೆದ್ದಿತು. ಮಾವ ಅವರ ಕಡೆ ಗಲ್ಲ ಎತ್ತಿ, ಹರಾಜಿನ ಸವಾಲೆಂದು ಗುರುತು ಹಾಕಿಕೊಂಡರು. ಹ್ಯಾಟಿನ ಹೆಂಗಸು ತುದಿಗಾಲಲ್ಲಿ ನಿಂತರು.

"ಎರಡು ಸಾರಿ!"

ಜನ ನಗತೊಡಗಿದರು. ಯಾರೋ ಸೀಟಿ ಹೊಡೆದರು. ನನ್ನ ಹೆಂಡತಿ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಮಾವ ನಿಂತರು. ಆ ಬಿಡುವು ಉದ್ದವಾಯಿತು. ನಾನು ಅತ್ತೆಯ ಕಡೆ ನೋಡಿದೆ. ಅವರ ಕೈಗಳು ತೊಡೆಯ ಕೆಳಗಿನಿಂದ ಹೊರಗೆ ಬಂದಿದ್ದವು. ಅದು ಅವರಿಗೆ ಗೊತ್ತಿದ್ದಂತಿರಲಿಲ್ಲ.

ಮಾವ ತಮ್ಮದೇ ತಟ್ಟೆಯನ್ನು ಮುಂದೆ ಚಾಚಿದರು.

"ಮೂರು ಸಾರಿ!"

ಅಡುಗೆಯವನು ಮೀನನ್ನು ಅವರ ತಟ್ಟೆಗೆ ಹಾಕಿದ. ಹಾಲ್ ಪೂರ್ತಿ ಚಪ್ಪಾಳೆ ಹೊಡೆಯಿತು. ಹ್ಯಾಟಿನ ಹೆಂಗಸು ನಕ್ಕರು. ಬೋಳುತಲೆಯವರೂ ತಟ್ಟೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡು ಬಾರಿ ಕೈ ತಟ್ಟಿ, "ಹೋಗ್ಲಿ, ಒಳ್ಳೆ ಯಜಮಾನ್ರು," ಎಂದರು.

"ಅಮ್ಮಾ! ಅಪ್ಪ ಮಾತಾಡಿದ್ರು!" ನನ್ನ ಹೆಂಡತಿ ಅಳುತ್ತಾ ನಗುತ್ತಿದ್ದಳು.

"ಅದು ಮಾತಲ್ಲ ಕಣೇ, ಬಾಯಿಪಾಠ." ಅತ್ತೆ ಕೈಗಳನ್ನು ಮತ್ತೆ ಕೆಳಗೆ ಸೇರಿಸಿದರು. ಅವರ ದನಿ ಮಾತ್ರ ಸ್ವಲ್ಪ ಒಡೆದಿತ್ತು. "ಟೀಚರ್ ಹೇಳಿಲ್ವಾ? ಎಣಿಸೋದು, ಹಾಡೋದು ಬೇರೆ ಕಡೆಯಿಂದ ಬರುತ್ತೆ ಅಂತ. ಬೇಕಾದ್ದನ್ನ ಕೇಳೋದು ಬೇರೆ. ನೀನೀಗ ಬಾಯಿ ಮುಚ್ಕೊಂಡಿರು."

ಟೀಚರ್ ಹಾಗೆ ಹೇಳಿದ್ದು ನಿಜ. ಕ್ಲಿನಿಕ್ಕಿನಲ್ಲಿ ಮಾವ ಒಂದರಿಂದ ಹತ್ತು ಎಣಿಸುತ್ತಿದ್ದರು. ಆದರೆ ಹರಾಜಿನ ಕೂಗನ್ನು ಕೂಗಿ ನೋಡಿ ಎಂದರೆ ಮುಖ ತಿರುಗಿಸುತ್ತಿದ್ದರು. ಕಿತ್ತಳೆಯ ರಾಶಿಯ ಮುಂದೆ ನಿಂತುಹೋದ ಮೂರನೆಯದನ್ನು ಅವರು ಹೇಳಿದ್ದು ಅಂದೇ ಮೊದಲು.

ಮಾವ ಬಂದರು. ಹಣೆ ಬೆವರಿತ್ತು. ತಟ್ಟೆಯನ್ನು ಅತ್ತೆಯ ಮುಂದೆ ಇಡಲು ಬಗ್ಗಿದರು.

"ಕೂಗಿದವರೇ ಸರಕು ಎತ್ಕೊಂಡ್ ಬಂದ್ರಾ?" ಎಂದರು ಅತ್ತೆ. "ಮಂಡೀಲಿ ಹೀಗ್ ಮಾಡಿದ್ರೆ ಬಿಡ್ತಿದ್ರಾ?"

ಮಾವನ ಮುಖ ಕೆಂಪಾಯಿತು. ಕೂಗುವವನು ಸರಕನ್ನು ತಾನೇ ಇಟ್ಟುಕೊಳ್ಳುವುದು ಮಂಡಿಯಲ್ಲಿ ದೊಡ್ಡ ತಪ್ಪು. ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರು ಮಾಡದ ತಪ್ಪು. ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುವವರಂತೆ ಮಾಡಿ, ಎಳೆದುಕೊಳ್ಳದೆ ಮೇಜಿನ ಮೇಲೆ ಇಟ್ಟರು.

"ಏನಿದು?" ಎಂದು ಕೇಳಿದರು ಅತ್ತೆ.

ಕಣ್ಣೆದುರಿಗೇ ಇತ್ತು. ಮಾವ ಅದನ್ನು ನೋಡಿದರು. ತುಟಿ ಕೂಡಿಸಿದರು, ಬಿಟ್ಟರು. ಚಪ್ಪಾಳೆ ಮುಗಿದು ಜನರೆಲ್ಲ ತಮ್ಮ ಊಟಕ್ಕೆ ತಿರುಗಿದ್ದರು. ನಮ್ಮ ಮೇಜನ್ನು ಈಗ ಯಾರೂ ನೋಡುತ್ತಿರಲಿಲ್ಲ. ನನ್ನ ಹೆಂಡತಿಯ ಬಾಯಿ ಮ ಕಾರಕ್ಕೆ ಸಿದ್ಧವಾಯಿತು. ಮೇಜಿನ ಕೆಳಗೆ ಅತ್ತೆಯ ಕಾಲು ಅವಳ ಕಾಲನ್ನು ಒತ್ತಿತು, ಬಲವಾಗಿಯೇ ಒತ್ತಿರಬೇಕು, ಅವಳು ಉಸಿರೆಳೆದುಕೊಂಡಳು. ಬಾಯಿ ಮುಚ್ಚಿಕೊಂಡಳು.

ನಾವು ಕಾದೆವು. ಎಷ್ಟು ಹೊತ್ತು ಎಂದು ನಾನು ನೋಡಲಿಲ್ಲ. ಮೀನಿನ ಹಬೆ ನಿಂತಿತು.

"ಮೀನು," ಎಂದರು ಮಾವ. ಉಸಿರು ತೆಗೆದುಕೊಂಡರು. ಅತ್ತೆಯನ್ನು ನೋಡಿದರು. "ನಿಂಗೆ."

ಒಂದರ ಪಕ್ಕ ಇನ್ನೊಂದು ಪದ. ದನಿ ಮೆಲ್ಲಗಿತ್ತು, ಪಕ್ಕದ ಮೇಜಿಗೂ ಕೇಳಿಸಿರಲಾರದು.

ಅತ್ತೆ ಕೈ ಹೊರಗೆ ತೆಗೆದು, ಮೀನನ್ನು ಮುರಿದು, ಮುಳ್ಳು ಬಿಡಿಸಿ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ತಲೆ ತಗ್ಗಿಸಿ ಬಹಳ ಹೊತ್ತು ಅಗಿದರು. "ಆಲೂಗಡ್ಡೆ ತಿಂದು ತಿಂದು ಸಾಕಾಗಿತ್ತು," ಎಂದರು ಕೊನೆಗೆ.

ನನ್ನ ಹೆಂಡತಿ ಕಣ್ಣು ಒರೆಸಿಕೊಂಡಳು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು ತನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿದಳು. ಕೈಗೆ ಆ ಜಾಗ ಹೊಸದು, ಮೊದಲು ಉಂಗುರ ಒತ್ತಿತು, ಸರಿಮಾಡಿಕೊಂಡಳು.

"ಅಪ್ಪಾ, ನಂಗೆ?"

ಮಾವ ಅವಳನ್ನು ನೋಡುತ್ತಾ ಒಂದು ಕ್ಷಣ ನಿಂತರು. ಹೊಸ ತಟ್ಟೆ ತೆಗೆದುಕೊಂಡು ಕೌಂಟರಿಗೆ ಹೋದರು. ಈ ಸಲ ಅಲ್ಲಿ ಹಿಂದಿನದಕ್ಕಿಂತ ಹೆಚ್ಚು ಹೊತ್ತಾಯಿತು. ಅಡುಗೆಯವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ನನ್ನ ಹೆಂಡತಿಯ ಭುಜಗಳು ಎರಡು ಸಲ ಮೇಲೆದ್ದವು, ಎರಡು ಸಲವೂ ಅವಳೇ ಇಳಿಸಿಕೊಂಡಳು. ಅತ್ತೆ ಅವಳ ಕಾಲು ಒತ್ತಬೇಕಾಗಲಿಲ್ಲ.

ಮಾವ ತಂದ ತಟ್ಟೆಯ ತುಂಬ ಬೇಯಿಸಿದ ಬೀಟ್‌ರೂಟ್ ಇತ್ತು.

ಬೀಟ್‌ರೂಟ್ ಕಂಡರೆ ಅವಳಿಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ನಮ್ಮ ಮನೆಗೆ ಅದು ಬರುವುದೇ ಇಲ್ಲ. ಅವಳು ತಟ್ಟೆಯನ್ನೂ ಅಪ್ಪನನ್ನೂ ನೋಡಿದಳು. ಪಾಪ, ಏನೋ ಕೇಳಲು ಹೋಗಿ ಏನೋ ಕೇಳಿದ್ದಾರೆ ಎಂದು ಅವಳಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ನನಗೂ ಹಾಗೇ ಅನ್ನಿಸಿತು. ಅಷ್ಟರಲ್ಲಿ ಅಡುಗೆಯವನು ಕೌಂಟರಿನ ಆಚೆಯಿಂದ ಬಗ್ಗಿ ಕೂಗಿದ.

"ಅವರೇ ಕೇಳಿದ್ದು ಮೇಡಂ! ಬೀನ್ಸ್ ಹಾಕ್ಲಾ ಅಂದೆ, ಬೇಡ ಅಂದ್ರು. ಕೋಳಿ ಹಾಕ್ಲಾ ಅಂದೆ, ಬೇಡ ಅಂದ್ರು. ಇದೇ ಬೇಕು ಅಂತ ನಿಂತ್ಕೊಂಡು ಹೆಸರು ಹೇಳಿ ಹಾಕಿಸ್ಕೊಂಡ್ರು!"

ಮಾವ ಮುಖದಲ್ಲಿ ಏನೂ ತೋರಿಸದೆ ಕೋಟಿನ ಗುಂಡಿ ಬಿಚ್ಚಿ ಕೂತರು. ಕೂತ ಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಪಾರ್ಶ್ವವಾಯು ಆದ ಮೇಲೆ ಅವರು ತಮಾಷೆ ಮಾಡಿದ್ದನ್ನು ನಾವು ನೋಡಿರಲಿಲ್ಲ.

"ತಿನ್ನು," ಎಂದರು ಅತ್ತೆ ಮಗಳಿಗೆ. "ನಾನು ಮೂರು ದಿನ ತಿಂದಿದ್ದೀನಿ."

ಅವಳು ತಿಂದಳು. ಮುಖ ಹಿಂಡಿಕೊಂಡು, ನಡುನಡುವೆ ನೀರು ಕುಡಿದು, ಪೂರ್ತಿ ತಿಂದಳು. ಕೆಳಗಿನ ಮೇಜಿನಲ್ಲಿದ್ದ ಕೇಕನ್ನು ನಮ್ಮ ವೇಟರ್ ತಾನೇ ಪೆಟ್ಟಿಗೆಯಲ್ಲಿಟ್ಟು ಮೇಲಕ್ಕೆ ತಂದುಕೊಟ್ಟ. ಹೋಗುವ ಮುನ್ನ ಸ್ವಲ್ಪ ಅನುಮಾನಿಸಿ, ಮಾವನ ಕಡೆ ತಿರುಗಿ, "ಇಲ್ಲೇ ಕತ್ತರಿಸಿ ಕೊಡಲಾ ಸಾರ್?" ಎಂದು ಕೇಳಿದ. ನಾವು ಮೂವರೂ ತಟ್ಟೆ ನೋಡುತ್ತಾ ಕೂತೆವು.

"ಹೌದು," ಎಂದರು ಮಾವ.

ಮರುದಿನ ಬೆಳಗ್ಗೆ ನನ್ನ ಹೆಂಡತಿ ಕೆಳಗಿನ ರೆಸ್ಟೋರೆಂಟಿಗೆ ಫೋನ್ ಮಾಡಿ, ಉಳಿದ ಸಂಜೆಗಳಿಗೆ ನಮ್ಮ ಮೇಜು ಬೇಡ ಎಂದು ತಿಳಿಸಿದಳು. ಕಿಟಕಿ ಪಕ್ಕದ ಮೇಜಾದ್ದರಿಂದ ಅದಕ್ಕೆ ಕಾಯುತ್ತಿದ್ದವರಿದ್ದರು. ಮಧ್ಯಾಹ್ನದೊಳಗೆ ಅದನ್ನು ಬೇರೆ ಕುಟುಂಬಕ್ಕೆ ಕೊಟ್ಟರು.